ಕಂಡದ್ದು, ಕೇಳಿದ್ದು, ಊಹಿಸಿದ್ದು: ನಂದಿಯ ಸೀಮೆಯಲ್ಲಿ ಸಾಕ್ಷ್ಯವಿಚಾರ

ಕನ್ನಡದಲ್ಲಿ ಸಾಕ್ಷ್ಯದ ಗುರುತು ಕ್ರಿಯಾಪದದ ಕೊನೆಯಲ್ಲಿಯೇ ಇರುತ್ತದೆ. ‘ಮಳೆ ಬಂತು’ ಎಂದವನು ಮಳೆಯನ್ನು ಕಂಡವನು, ಇಲ್ಲವೆ ಅದರಲ್ಲಿ ನೆನೆದವನು. ‘ಮಳೆ ಬಂದಿರಬೇಕು’ ಎಂದವನು ಬೆಳಗ್ಗೆ ಎದ್ದು ಅಂಗಳದ ಕೆಸರನ್ನು ಕಂಡವನು. ‘ಮಳೆ ಬಂತಂತೆ’ ಎಂದವನು ಮಳೆಯನ್ನೂ ಕಾಣದೆ ಕೆಸರನ್ನೂ ಕಾಣದೆ ಮತ್ತೊಬ್ಬರ ಮಾತನ್ನು ದಾಟಿಸುತ್ತಿರುವವನು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಮಾತು ತೆಲುಗು; ಆ ಭಾಷೆಯಲ್ಲಿಯೂ ‘ಅಂಟ’ ಎಂಬ ರೂಪ ಇದೇ ಕೆಲಸವನ್ನು ಮಾಡುತ್ತದೆ. ಎರಡು ಭಾಷೆಗಳಲ್ಲಿಯೂ ಈ ಭೇದವನ್ನು ಹಾಲಿನೊಡನೆ ಕುಡಿದು ಬಂದ ವಿದ್ಯಾರ್ಥಿ, ಇತಿಹಾಸದ ಉತ್ತರಪತ್ರಿಕೆ ಬರೆಯುವಾಗ ಮಾತ್ರ ಅದನ್ನು ಮರೆಯುತ್ತಾನೆ. ಮಾತಿನಲ್ಲಿ ‘ಭೀಮ ಬಕಾಸುರನನ್ನು ಕೊಂದದ್ದು ಕೈವಾರದಲ್ಲಂತೆ’ ಎನ್ನುವವನು ಬರಹದಲ್ಲಿ ‘ಭೀಮನು ಬಕಾಸುರನನ್ನು ಕೈವಾರದಲ್ಲಿ ಕೊಂದನು’ ಎಂದು ಬರೆದುಬಿಡುತ್ತಾನೆ. ‘ಅಂತೆ’ ಉದುರಿಹೋದ ಆ ಕ್ಷಣದಲ್ಲಿಯೇ ಐತಿಹ್ಯ ಇತಿಹಾಸವಾಗಿಬಿಡುತ್ತದೆ.

ನ್ಯಾಯಾಲಯದ ಪರಿಭಾಷೆಯಲ್ಲಿ ಮೊದಲನೆಯದು ಪ್ರತ್ಯಕ್ಷ ಸಾಕ್ಷ್ಯ, ಎರಡನೆಯದು ಸಾಂದರ್ಭಿಕ ಸಾಕ್ಷ್ಯ, ಮೂರನೆಯದು ಕೇಳಿಕೆಯ ಮಾತು. 1872ರ ಭಾರತೀಯ ಸಾಕ್ಷ್ಯ ಕಾಯಿದೆ ಬಾಯಿಮಾತಿನ ಸಾಕ್ಷ್ಯವು ಪ್ರತ್ಯಕ್ಷವಾಗಿರಬೇಕೆಂದು ವಿಧಿಸಿತು. ಸಾಂದರ್ಭಿಕ ಸಾಕ್ಷ್ಯದ ಬಗೆಗೆ ಸರ್ವೋಚ್ಚ ನ್ಯಾಯಾಲಯವು 1952ರ ಹನುಮಂತ್ ಪ್ರಕರಣದಲ್ಲಿಯೂ 1984ರ ಶರದ್ ಬಿರ್ಧಿಚಂದ್ ಸಾರದಾ ಪ್ರಕರಣದಲ್ಲಿಯೂ ಇಟ್ಟ ಒರೆಗಲ್ಲು ಪ್ರಸಿದ್ಧವಾಗಿದೆ: ಸಂದರ್ಭಗಳು ಕಡಿಯದ ಸರಪಳಿಯಂತೆ ಕೂಡಿಬರಬೇಕು, ಅವು ಒಂದೇ ನಿರ್ಣಯಕ್ಕೆ ಒಯ್ಯಬೇಕು, ಬೇರೆ ಯಾವ ಸಮಂಜಸ ವಿವರಣೆಗೂ ಎಡೆಯಿರಬಾರದು.

ಈ ಮಾತು ಜೈನ ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸದಾಗಿ ಕಾಣದು. ಹೇತುವಿಗೆ ಮೂರು ಲಕ್ಷಣಗಳನ್ನು ಹೇಳುವ ಬೌದ್ಧ ತಾರ್ಕಿಕರಿಗೆ ಎದುರಾಗಿ ಪಾತ್ರಕೇಸರಿ ಒಂದೇ ಲಕ್ಷಣ ಸಾಕೆಂದರು: ಅನ್ಯಥಾನುಪಪತ್ತಿ. ಸಾಧ್ಯವನ್ನು ಬಿಟ್ಟು ಬೇರೆ ರೀತಿಯಲ್ಲಿ ಹೇತು ಹೊಂದದಿರುವುದು ಎಂದು ಇದರ ಅರ್ಥ. ಪ್ರತ್ಯಕ್ಷದ ವಿಷಯದಲ್ಲಿಯೂ ಜೈನ ಪರಂಪರೆಯದು ಬೇರೆಯೇ ನಿಲುವು. ತತ್ತ್ವಾರ್ಥಸೂತ್ರದ ಪ್ರಕಾರ ಇಂದ್ರಿಯಗಳ ಮೂಲಕ ಬರುವ ಮತಿಜ್ಞಾನವೂ ಶಬ್ದದ ಮೂಲಕ ಬರುವ ಶ್ರುತಜ್ಞಾನವೂ ಪರೋಕ್ಷವೇ. ಕಣ್ಣಿಗೆ ಕಂಡದ್ದಕ್ಕೂ ಪ್ರತ್ಯಕ್ಷದ ಹೆಸರು ಸಲ್ಲಲು ಅಕಲಂಕರಂತಹವರು ‘ಸಾಂವ್ಯವಹಾರಿಕ ಪ್ರತ್ಯಕ್ಷ’ವೆಂಬ ಪದವನ್ನು ಬಳಕೆಗೆ ತರಬೇಕಾಯಿತು. ಇತಿಹಾಸದ ವಿದ್ಯಾರ್ಥಿಗೆ ಈ ಬಿಗುಮಾನ ಉಪಯುಕ್ತವಾದುದು. ಸಾವಿರ ವರ್ಷ ಹಿಂದಿನದನ್ನು ಕುರಿತು ಅವನಿಗೆ ದೊರೆಯುವ ಅತ್ಯಂತ ನೇರವಾದ ಸಾಕ್ಷ್ಯವೂ ಕೆತ್ತಿದವನ, ಕೆತ್ತಿಸಿದವನ, ಓದಿದವನ ಕಣ್ಣುಗಳನ್ನು ಹಾದುಬಂದದ್ದೇ.

ಈ ಭೇದಗಳನ್ನು ಕಲಿಸಲು ರೋಮ್ ಅಥವಾ ಪಾಟಲಿಪುತ್ರದ ಉದಾಹರಣೆಗಳಿಗೆ ಹೋಗಬೇಕಾಗಿಲ್ಲ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿವೆ. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೆಲ್ಲ ಅದರೊಳಗಿವೆ. ಅದರಲ್ಲಿ ಚಿಕ್ಕಬಳ್ಳಾಪುರ 29 ಎಂಬ ಸಂಖ್ಯೆಯ ಶಾಸನ ನಂದಿಯ ಸಮೀಪದ ಗೋಪಿನಾಥ ಬೆಟ್ಟದಲ್ಲಿದೆ. ಭಾಷೆ ಸಂಸ್ಕೃತ. ತೇದಿಯಿಲ್ಲ, ಅಕ್ಷರಗಳ ರೂಪವನ್ನು ನೋಡಿ ವಿದ್ವಾಂಸರು ಅದನ್ನು ಎಂಟನೆಯ ಶತಮಾನಕ್ಕೆ ಸೇರಿಸಿದ್ದಾರೆ. ಅದರ ಸಾರ ಇಷ್ಟು: ಅಲ್ಲಿನ ಅರ್ಹತ್ ಪರಮೇಶ್ವರನ ಚೈತ್ಯವನ್ನು ದಶರಥನ ಮಗನಾದ ರಾಮನು ಸ್ಥಾಪಿಸಿದನು, ಮುಂದೆ ಪಾಂಡವರ ತಾಯಿ ಕುಂತಿ ಅದನ್ನು ಹೊಸದಾಗಿ ಮಾಡಿದಳು. ಆ ಬೆಟ್ಟದ ಹಿರಿಮೆಯನ್ನು, ಋಷಿಗಳಿಗೆ ನೆಲೆಯಾದ ಅದರ ಗುಹೆಗಳನ್ನು ಶಾಸನ ಕೊಂಡಾಡುತ್ತದೆ.

ಇದು ಪ್ರತ್ಯಕ್ಷ ಸಾಕ್ಷ್ಯವೋ ಸಾಂದರ್ಭಿಕ ಸಾಕ್ಷ್ಯವೋ? ತರಗತಿಯಲ್ಲಿ ಉತ್ತರಗಳು ಸಾಮಾನ್ಯವಾಗಿ ಎರಡು ಗುಂಪಾಗುತ್ತವೆ. ಕಲ್ಲಿನ ಮೇಲೆ ಬರೆದದ್ದು ಸುಳ್ಳಾಗದೆಂಬ ಗುಂಪು ರಾಮನ ಕಾಲದ ಬಸದಿಯೆಂದು ಬರೆಯಲು ಸಿದ್ಧವಾಗುತ್ತದೆ. ಇನ್ನೊಂದು ಗುಂಪು ರಾಮ ಕುಂತಿಯರ ಹೆಸರು ಕೇಳಿದೊಡನೆ ಶಾಸನವನ್ನೇ ಕಟ್ಟುಕಥೆಯೆಂದು ಬದಿಗಿಡುತ್ತದೆ. ಎರಡು ಗುಂಪುಗಳೂ ಮಾಡುವುದು ಒಂದೇ ತಪ್ಪು. ಸಾಕ್ಷ್ಯದ ನೇರತನವನ್ನು ಅವು ಆ ಕಲ್ಲಿನ ಗುಣವೆಂದು ತಿಳಿದಿವೆ. ಅದು ಕಲ್ಲಿಗೂ ಕೇಳುವ ಪ್ರಶ್ನೆಗೂ ನಡುವಣ ಸಂಬಂಧ. ರಾಮನು ಇಲ್ಲಿ ಚೈತ್ಯವನ್ನು ಕಟ್ಟಿಸಿದನೆ ಎಂಬ ಪ್ರಶ್ನೆಗೆ ಈ ಶಾಸನ ಕೇಳಿಕೆಯ ಮಾತು, ‘ಅಂತೆ’. ಎಂಟನೆಯ ಶತಮಾನದಲ್ಲಿ ಗೋಪಿನಾಥ ಬೆಟ್ಟದಲ್ಲಿ ಅರ್ಹಂತನ ಚೈತ್ಯವಿತ್ತೆ ಎಂಬ ಪ್ರಶ್ನೆಗೆ ಅದು ಸಮಕಾಲೀನವಾದ ನೇರ ಸಾಕ್ಷ್ಯ. ಆ ಕಾಲದ ಜೈನರು ರಾಮನನ್ನೂ ಪಾಂಡವರನ್ನೂ ತಮ್ಮ ಪುರಾಣಪುರುಷರೆಂದು ಎಣಿಸಿದ್ದರೆ ಎಂಬುದಕ್ಕೂ ಅದು ನೇರ ಸಾಕ್ಷ್ಯ. ರಾಮನು ಬಲಭದ್ರನಾಗಿ ಬರುವ ಜೈನ ರಾಮಕಥಾ ಪರಂಪರೆಯನ್ನು, ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಚೈತ್ಯ ಆ ವೇಳೆಗೆ ಹಳೆಯದಾಗಿತ್ತೆ ಎಂಬ ನಾಲ್ಕನೆಯ ಪ್ರಶ್ನೆಯೂ ಉಂಟು. ನಿನ್ನೆ ಮೊನ್ನೆ ಕಟ್ಟಿದ ಗುಡಿಗೆ, ಕಟ್ಟಿಸಿದವನ ನೆನಪು ಊರಿನಲ್ಲಿ ಹಸಿಯಾಗಿರುವಾಗ, ರಾಮನ ಹೆಸರನ್ನು ಹಚ್ಚುವುದು ಕಷ್ಟ. ಆದ್ದರಿಂದ ಚೈತ್ಯ ಆಗಲೇ ಹಳೆಯದಾಗಿದ್ದಿರಬೇಕು. ಈ ‘ಇರಬೇಕು’ ಸಾಂದರ್ಭಿಕ ಸಾಕ್ಷ್ಯದ ಮಾತು. ಅದರ ಬಲ ನೇರ ಸಾಕ್ಷ್ಯದ ಬಲಕ್ಕಿಂತ ಕಡಿಮೆ. ಒಂದೇ ಕಲ್ಲು ನಾಲ್ಕು ಪ್ರಶ್ನೆಗಳಿಗೆ ಮೂರು ತೆರನಾದ ಸಾಕ್ಷಿಯಾಗಿ ನಿಲ್ಲುತ್ತದೆ.

ಬೆಟ್ಟದ ಕೆಳಗಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಯನ್ನು ಹೇಳುವಾಗ ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಸುಮಾರು ಕ್ರಿ.ಶ. 806ರ ದಾಖಲೆಯನ್ನು ಉಲ್ಲೇಖಿಸುವುದು ವಾಡಿಕೆ. ಎರಡನ್ನೂ ಪಕ್ಕದಲ್ಲಿಟ್ಟರೆ ಮೇಲೆ ಅರ್ಹಂತನ ಚೈತ್ಯ, ಕೆಳಗೆ ಈಶ್ವರನ ಆಲಯ, ಹೆಚ್ಚು ಅಂತರವಿಲ್ಲದ ಕಾಲದಲ್ಲಿ ಒಂದೇ ನೆಲದ ಮೇಲೆ ಕಾಣಿಸಿಕೊಳ್ಳುತ್ತವೆ. ಇವುಗಳ ನಡುವೆ ಸೌಹಾರ್ದವಿತ್ತೋ ಸ್ಪರ್ಧೆಯಿತ್ತೋ ಎಂಬುದನ್ನು ಎರಡು ದಾಖಲೆಗಳೂ ಹೇಳುವುದಿಲ್ಲ. ಹಾಗಿದ್ದೂ ಎರಡೂ ಬಗೆಯ ಲೇಖನಗಳು ಧಾರಾಳವಾಗಿ ಬರುತ್ತವೆ.

ಕುಂತಿಯ ಹೆಸರು ಮತ್ತೊಂದು ಪ್ರಲೋಭನೆಯನ್ನು ಒಡ್ಡುತ್ತದೆ. ಈ ಸೀಮೆಯ ಭೂಗೋಳವೇ ಮಹಾಭಾರತದ ಭೂಗೋಳ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದು ನಂಬಿಕೆ. ಅಲ್ಲಿಯ ಬೆಟ್ಟದಲ್ಲಿ ಬಕಾಸುರನ ಕಥೆ ಇನ್ನೂ ಜೀವಂತವಾಗಿದೆ. ಗೌರಿಬಿದನೂರು ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ ವಿದುರನು ನೆಟ್ಟ ಅಶ್ವತ್ಥವೆಂಬ ಪ್ರತೀತಿಯಿದ್ದ ಹಳೆಯ ಮರ 2001ರಲ್ಲಿ ಉರುಳಿತು. ಸುತ್ತಲಿನ ನಾಗರಕಲ್ಲುಗಳು ಉಳಿದಿವೆ. ಏಕಚಕ್ರಪುರದ ಕಥೆಯಲ್ಲಿ ಭೀಮನನ್ನು ಬಕನಲ್ಲಿಗೆ ಕಳುಹಿಸಿದವಳು ಕುಂತಿಯೇ. ಹಾಗಾದರೆ ನಂದಿಯ ಎಂಟನೆಯ ಶತಮಾನದ ಶಾಸನದಲ್ಲಿ ಕುಂತಿಯ ಹೆಸರು ಬಂದಿರುವುದು, ಕೈವಾರದ ಐತಿಹ್ಯ ಆಗಲೇ ಈ ನೆಲದಲ್ಲಿ ಬೇರೂರಿತ್ತೆಂಬುದಕ್ಕೆ ಸಾಕ್ಷ್ಯವಲ್ಲವೆ? ಚುರುಕು ಬುದ್ಧಿಯ ವಿದ್ಯಾರ್ಥಿಗೆ ಹೊಳೆಯಬಹುದಾದ, ಹೊಳೆಯಬೇಕಾದ ಊಹೆ ಇದು. ಇದನ್ನು ಅನ್ಯಥಾನುಪಪತ್ತಿಯ ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ. ಕೈವಾರದ ಕಥೆಯ ನೆರವಿಲ್ಲದೆಯೂ ಕುಂತಿ ಈ ಶಾಸನಕ್ಕೆ ಬರಬಲ್ಲಳು. ರಾಮನಾದ ಮೇಲೆ ಪಾಂಡವರು ಎಂಬುದು ಪುರಾಣದ ಸಹಜ ಕ್ರಮ. ಪಾಂಡವರ ಹೆಸರಿನ ಗುಹೆಗಳು, ಗುಂಡುಗಳು ನಾಡಿನಲ್ಲೆಲ್ಲ ಇವೆ. ಊಹೆಯನ್ನು ಎಸೆಯಬೇಕಾಗಿಲ್ಲ. ಕೈವಾರದ ಪರಿಸರದಲ್ಲಿ ಏಕಚಕ್ರದ ಹೆಸರುಳ್ಳ ಪ್ರಾಚೀನ ಶಾಸನವೊಂದು ಜೊತೆಗೆ ನಿಂತರೆ ಅದಕ್ಕೆ ಬಲ ಬರುತ್ತದೆ. ಅಲ್ಲಿಯವರೆಗೆ ಅದು ಟಿಪ್ಪಣಿಯ ಪುಸ್ತಕದಲ್ಲಿರಬೇಕಾದ ಊಹೆಯೇ ಹೊರತು ಪ್ರಬಂಧದ ನಿರ್ಣಯವಲ್ಲ.

ಸ್ಥಳನಾಮಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಿದುರಾಶ್ವತ್ಥ ಹತ್ತಿರವಿರುವುದರಿಂದ ಬಿದನೂರನ್ನು ‘ವಿದುರನ ಊರು’ ಎಂದು ಬಿಡಿಸುವುದು ಸುಲಭ; ಕಿವಿಗೂ ಹಿತ. ಆದರೆ ಮಲೆನಾಡಿನಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದ ಇನ್ನೊಂದು ಬಿದನೂರಿದೆ. ಅದರ ಹೆಸರು ಬಿದಿರಿನಿಂದ ಬಂದದ್ದು. ಸಂಸ್ಕೃತದಲ್ಲಿ ಅದನ್ನು ವೇಣುಪುರವೆಂದರು. ಅಲ್ಲಿ ವಿದುರನಿಲ್ಲದೆಯೇ ಬಿದನೂರು ಆಗುವುದಾದರೆ ಇಲ್ಲಿ ವಿದುರನು ಬೇಕೇ ಬೇಕೆಂದು ವಾದಿಸುವುದು ಹೇಗೆ? ಧ್ವನಿಸಾಮ್ಯವೊಂದೇ ಸಾಂದರ್ಭಿಕ ಸಾಕ್ಷ್ಯವೂ ಆಗುವುದಿಲ್ಲ. ಶಿಡ್ಲಘಟ್ಟವೆಂದೊಡನೆ ಸಿಡಿಲು ನೆನಪಾಗುವುದು ಕೂಡ ಇದೇ ಜಾತಿಯದು. ಮರಾಠ ನಾಯಕ ಚಿಂತಾಮಣಿ ರಾವ್‌ನ ಹೆಸರಿನಿಂದ ಬಂದುದೆಂದು ಗೆಜೆಟಿಯರಿನಲ್ಲಿ ದಾಖಲಾಗಿರುವ ಚಿಂತಾಮಣಿಯೂ ಈ ಸಾಲಿನಲ್ಲಿದೆ. ವ್ಯುತ್ಪತ್ತಿಯ ಕಸರತ್ತಿಲ್ಲದೆ ವ್ಯಕ್ತಿಯೊಬ್ಬನ ಕಡೆಗೆ ಬೆರಳು ತೋರುವ ಈ ಹೆಸರೇ ವಿದ್ಯಾರ್ಥಿಗಳಿಗೆ ತೀರ ನೀರಸವಾಗಿ ಕಾಣುತ್ತದೆ.

ವೀರಗಲ್ಲುಗಳು ಈ ಪಾಠಕ್ಕೆ ಒಳ್ಳೆಯ ಸಾಮಗ್ರಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲು ಕಾಣದ ಊರು ಅಪರೂಪ. ಅಕ್ಷರವಿರುವ ಕಲ್ಲು ಯಾರು, ಯಾರ ಕಾಲದಲ್ಲಿ, ಏಕೆ ಸತ್ತರೆಂಬುದನ್ನು ತಾನೇ ಹೇಳುತ್ತದೆ. ಅಕ್ಷರವಿಲ್ಲದ ಕಲ್ಲಿನಲ್ಲಿ ಹಸುಗಳ ಸಾಲಿದ್ದರೆ ತುರುಗಾಳಗದಲ್ಲಿ ಮಡಿದವನಿರಬೇಕು. ಕತ್ತಿಯ ಬದಲು ಹುಲಿ ಹಂದಿಗಳೆದುರು ಈಟಿಯಿದ್ದರೆ ಬೇಟೆಯಲ್ಲಿ ಸತ್ತವನಿರಬೇಕು. ಈ ಎರಡು ಬಗೆಯ ಕಲ್ಲುಗಳನ್ನು ಒಂದೇ ದಿನ ತೋರಿಸಿದರೆ ಪಾಠದ ಅರ್ಧ ಮುಗಿದಂತೆಯೇ.

ನಂದಿಯ ಬಗೆಗೆ ಇನ್ನೊಂದು ಪ್ರಸಿದ್ಧ ನಿರ್ಣಯವಿದೆ: ನಂದಿಬೆಟ್ಟ ಗಂಗರ ಕೋಟೆಯಾಗಿತ್ತು. ಇದಕ್ಕೆ ಆಧಾರ ಒಂಬತ್ತನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಗಂಗ ಅರಸರಿಗೆ ಬರುವ ‘ಕೋವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳು. ನಂದಗಿರಿಯೇ ನಂದಿಬೆಟ್ಟ ಎಂದು ಯಾವ ಬಿರುದೂ ಹೇಳುವುದಿಲ್ಲ. ಕೋವಳಾಲ ಇಂದಿನ ಕೋಲಾರ, ಜೊತೆಯಲ್ಲಿ ಬರುವ ನಂದಗಿರಿಯನ್ನು ಹತ್ತಿರದಲ್ಲಿಯೇ ಹುಡುಕುವುದು ನ್ಯಾಯ, ಹೆಸರು ಹೊಂದುತ್ತದೆ, ದುರ್ಗಕ್ಕೆ ತಕ್ಕ ಬೆಟ್ಟವೂ ಹೌದು. ನಾಲ್ಕು ಎಳೆಗಳು ಸೇರಿ ಹಗ್ಗವಾದ ಈ ಸಮೀಕರಣ ಸಾಂದರ್ಭಿಕ ಸಾಕ್ಷ್ಯದ ಒಳ್ಳೆಯ ಮಾದರಿ. ಆದರೆ ಬಿರುದು ಒಡೆತನದ ಪತ್ರವಲ್ಲ. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟರು ತಮ್ಮನ್ನು ‘ಲಟ್ಟಲೂರಪುರವರಾಧೀಶ್ವರ’ರೆಂದು ಕರೆದುಕೊಂಡರು, ಅದು ಮೂಲಸ್ಥಾನದ ನೆನಪು. ಗಂಗರ ಬಿರುದೂ ಹಾಗೆಯೇ ಆಗಿದ್ದರೆ, ಅದು ನಂದಗಿರಿ ತಮ್ಮ ಕುಲದ ಮೊದಲ ನೆಲೆಯೆಂದು ಅವರು ನೆನೆಯುತ್ತಿದ್ದರೆಂಬುದಕ್ಕೆ ಸಾಕ್ಷ್ಯ. ಬಿರುದು ಬರೆಸಿದ ವರ್ಷ ಬೆಟ್ಟದ ಮೇಲೆ ಅವರ ಪಡೆಯಿತ್ತೆಂಬುದಕ್ಕೆ ಸಾಕ್ಷ್ಯವಲ್ಲ.

ಪರೀಕ್ಷೆ ನಿಜವಾಗಿ ಕಠಿಣವಾಗುವುದು ವಿದ್ವಾಂಸನಿಗೆ ಪ್ರಿಯವಾದ ಪರಂಪರೆಯೇ ಕಟಕಟೆಗೆ ಬಂದಾಗ. ಸಿಂಹನಂದಿ ಆಚಾರ್ಯರು ದಡಿಗ, ಮಾಧವರೆಂಬ ಸೋದರರಿಗೆ ಪೇರೂರಿನಲ್ಲಿ ಆಶ್ರಯವಿತ್ತು ಗಂಗರಾಜ್ಯವನ್ನು ಕಟ್ಟಿಸಿದರೆಂಬ ಕಥೆ ಜೈನ ಸಾಹಿತ್ಯಚರಿತ್ರೆಯ ಎಲ್ಲ ಪುಸ್ತಕಗಳಲ್ಲಿಯೂ ಇದೆ. ನಂದಗಿರಿಯನ್ನು ಕೋಟೆಯೆಂದೂ ಕುವಳಾಲವನ್ನು ಪಟ್ಟಣವೆಂದೂ ಜಿನಮತವನ್ನು ಧರ್ಮವೆಂದೂ ಹೆಸರಿಸಿ ಈ ಕಥೆಯನ್ನು ವಿಸ್ತಾರವಾಗಿ ಹೇಳುವುದು ಶಿವಮೊಗ್ಗ ಸೀಮೆಯ ಕಲ್ಲೂರಗುಡ್ಡದ ಶಾಸನ. ಅದರ ಕಾಲ ಕ್ರಿ.ಶ. 1121. ಹುಂಚದ ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಸಿಂಹನಂದಿಯ ಹೆಸರಿದೆ. ಹತ್ತನೆಯ ಶತಮಾನದ ಉದಯೇಂದಿರಂ ತಾಮ್ರಪಟದಲ್ಲಿಯೂ ಗಂಗರ ಏಳಿಗೆಯನ್ನು ಅವರಿಗೆ ಜೋಡಿಸಿದೆ. ಗಂಗರಾಜ್ಯ ಆರಂಭವಾದದ್ದು ನಾಲ್ಕನೆಯ ಶತಮಾನದಲ್ಲಿ. ಆ ಅರಸರ ಆರಂಭಕಾಲದ ತಾಮ್ರಪಟಗಳು ಕೊಂಗಣಿವರ್ಮನು ಕತ್ತಿಯ ಒಂದೇ ಹೊಡೆತದಿಂದ ಶಿಲಾಸ್ತಂಭವನ್ನು ತುಂಡರಿಸಿದನೆಂದು ಹೊಗಳುತ್ತವೆ. ಸಿಂಹನಂದಿಯ ಹೆಸರನ್ನು ಎತ್ತುವುದಿಲ್ಲ. ನೇರ ಸಾಕ್ಷ್ಯವೆಂದು ಎಣಿಸುವ ಕಲ್ಲೂರಗುಡ್ಡಕ್ಕೂ ಘಟನೆಗೂ ನಡುವೆ ಏಳು ಶತಮಾನಗಳಿಗೂ ಮೀರಿದ ಅಂತರವಿದೆ. ರಾಮ ಕುಂತಿಯರ ವಿಷಯದಲ್ಲಿ ‘ಅಂತೆ’ಯನ್ನು ಕೇಳಿದವರು ಇಲ್ಲಿ ಅದನ್ನು ಕೇಳದಿದ್ದರೆ ಅನ್ಯಾಯವಾಗುತ್ತದೆ.

ಹಾಗೆಂದು ಸಿಂಹನಂದಿಯನ್ನು ಅಳಿಸಿಹಾಕಲು ಆರಂಭದ ತಾಮ್ರಪಟಗಳ ಮೌನ ಸಾಲದು. ಅವು ಬಹುಪಾಲು ದಾನಪತ್ರಗಳು. ರಾಜ್ಯಸ್ಥಾಪನೆಯ ಕಥೆಯನ್ನು ಅವು ಹೇಳಲೇಬೇಕೆಂಬ ನಿಯಮವಿಲ್ಲ. ದೂರದೂರದ ಶಾಸನಗಳು, ಬೇರೆ ಬೇರೆ ಭಾಷೆಗಳಲ್ಲಿ, ಇನ್ನೂರು ವರ್ಷಗಳ ಅವಧಿಯಲ್ಲಿ ಒಂದೇ ಹೆಸರನ್ನು ಹೇಳುತ್ತಿರುವುದಕ್ಕೆ ಬೆಲೆಯಿದೆ. ಹತ್ತನೆಯ ಶತಮಾನದ ವೇಳೆಗೆ ಈ ನಂಬಿಕೆ ಗಟ್ಟಿಯಾಗಿತ್ತೆಂಬುದು ನಿಶ್ಚಿತ. ಅದರ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆಂಬುದು ಅನುಮಾನದ ವಿಷಯ.

ಗಂಗರ ತಾಮ್ರಪಟಗಳೇ ಇನ್ನೊಂದು ಪಾಠವನ್ನು ಕಲಿಸುತ್ತವೆ. ಅವುಗಳಲ್ಲಿ ಬಹುಮಟ್ಟಿನವು ಕೂಟಶಾಸನಗಳೆಂದು ಫ್ಲೀಟ್ ಸಾರಿದರೆ ರೈಸ್ ಅವುಗಳ ಪರವಾಗಿ ದಶಕಗಳ ಕಾಲ ವಾದಿಸಿದರು. ಮಡಿಕೇರಿಯ ತಾಮ್ರಪಟ ಈ ವಾದದ ಕೇಂದ್ರಗಳಲ್ಲೊಂದು. ಅದರಲ್ಲಿ 388ನೆಯ ವರ್ಷವೆಂದಿದೆ; ಶಕವರ್ಷವೆಂದು ಎಣಿಸಿದರೆ ಕ್ರಿ.ಶ. 466. ಅದರಲ್ಲಿ ಕೊಂಡಕುಂದಾನ್ವಯದ ಉಲ್ಲೇಖವಿರುವುದರಿಂದ ಕುಂದಕುಂದಾಚಾರ್ಯರ ಕಾಲನಿರ್ಣಯಕ್ಕೆ ಅದನ್ನು ಆಧಾರವಾಗಿಟ್ಟವರುಂಟು. ಆದರೆ ಅಕ್ಷರಗಳು ಎಂಟು ಒಂಬತ್ತನೆಯ ಶತಮಾನದವು. ಒಳಗೆ ಬರುವ ಅಕಾಲವರ್ಷನೆಂಬ ಹೆಸರು ರಾಷ್ಟ್ರಕೂಟರ ಬಿರುದು. ತೇದಿಯೆಂಬ ನೇರ ಹೇಳಿಕೆಯನ್ನು ಅಕ್ಷರದ ಬಾಗು, ಒಂದು ಬಿರುದು ಎಂಬ ಸಾಂದರ್ಭಿಕ ಸಾಕ್ಷ್ಯಗಳು ಇಲ್ಲಿ ಸೋಲಿಸುತ್ತವೆ. ಬರೆದವನು ತೇದಿಯ ವಿಷಯದಲ್ಲಿ ಸುಳ್ಳು ಹೇಳಬಲ್ಲನು. ತನ್ನ ಕಾಲದ ಕೈಬರಹವನ್ನು ಮರೆಸುವುದು ಅವನಿಂದಾಗದು. ಹಳೆಯ ಪತ್ರವೊಂದು ಕೆಟ್ಟಾಗ ಮುಂದಿನ ಕಾಲದವರು ಅದನ್ನು ನಕಲು ಮಾಡಿಸಿದ್ದೂ ಇರಬಹುದೆಂಬ ಸಾಧ್ಯತೆಯನ್ನೂ ಮರೆಯಬಾರದು. ಹಾಗಾದರೆ ಕುಂದಕುಂದರ ಕಾಲವನ್ನು ಬೇರೆ ಆಧಾರಗಳಿಂದಲೇ ನಿಲ್ಲಿಸಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ದುರ್ವಿನೀತನ ಪ್ರಕರಣ ಹತ್ತಿರದ್ದು. ಕವಿರಾಜಮಾರ್ಗ ಕನ್ನಡದ ಗದ್ಯಕಾರರಲ್ಲಿ ದುರ್ವಿನೀತನನ್ನು ಹೆಸರಿಸುತ್ತದೆ. ಅವನು ಅರಸನೆಂದು ಹೇಳುವುದಿಲ್ಲ. ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಪಟ ಗಂಗ ದುರ್ವಿನೀತನಿಗೆ ಶಬ್ದಾವತಾರವನ್ನೂ ಸಂಸ್ಕೃತದ ವಡ್ಡಕಥೆಯನ್ನೂ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದ ಟೀಕೆಯನ್ನೂ ಸಲ್ಲಿಸುತ್ತದೆ. ಕನ್ನಡದ ಕೃತಿಯನ್ನು ಹೇಳುವುದಿಲ್ಲ. ಇಬ್ಬರೂ ಒಬ್ಬನೇ ಎಂಬುದು ಅಪರೂಪದ ಹೆಸರು, ಒಪ್ಪುವ ಕಾಲ, ಗ್ರಂಥಕರ್ತೃತ್ವ ಇವುಗಳ ಮೇಲೆ ನಿಂತ ಊಹೆ, ಬಲವಾದ ಊಹೆ. ಶಬ್ದಾವತಾರವೆಂಬ ಗ್ರಂಥ ಪೂಜ್ಯಪಾದರ ಹೆಸರಿನಲ್ಲಿಯೂ ಪ್ರಸಿದ್ಧವಾದ್ದರಿಂದ ಇವರಿಬ್ಬರೂ ಗುರುಶಿಷ್ಯರೆಂದದ್ದು ಊಹೆಯ ಮೇಲಿನ ಊಹೆ. ಪಠ್ಯಪುಸ್ತಕಗಳಲ್ಲಿ ಎರಡೂ ಒಂದೇ ಧ್ವನಿಯಲ್ಲಿ, ಒಂದೇ ಕ್ರಿಯಾಪದದಲ್ಲಿ ಅಚ್ಚಾಗಿವೆ.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗೆ ಅನಿಸಬಹುದು: ಪ್ರಾಚೀನ ಕಾಲವಾದ್ದರಿಂದ ಈ ತೊಡಕು, ಕಣ್ಣಾರೆ ಕಂಡವರಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು. ಅದಕ್ಕೆ ವಿದುರಾಶ್ವತ್ಥಕ್ಕೇ ಮರಳಬೇಕು. 1938ರ ಏಪ್ರಿಲ್ 25ರಂದು, ಶಿವಪುರದ ಧ್ವಜಸತ್ಯಾಗ್ರಹವಾಗಿ ಎರಡು ವಾರಗಳೊಳಗೆ, ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಗಲಿನ ಘಟನೆ; ಸಾವಿರಾರು ಜನ ಕಂಡದ್ದು. ಮೈಸೂರು ಸರ್ಕಾರ ನಿವೃತ್ತ ನ್ಯಾಯಾಧೀಶ ವೇಪ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. ಆದರೂ ಸತ್ತವರ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು: ಕೆಲವೆಡೆ 10, ಕೆಲವೆಡೆ 32, ಮತ್ತೆ ಕೆಲವೆಡೆ 35. ಪ್ರತ್ಯಕ್ಷದರ್ಶಿ ಕಂಡದ್ದು ತಾನು ನಿಂತ ಜಾಗದಿಂದ ಕಂಡಷ್ಟನ್ನು. ಓಡುತ್ತಿರುವವನು ಹೆಣಗಳನ್ನು ಎಣಿಸುವುದಿಲ್ಲ. ಗಾಯಗೊಂಡು ಊರಿಗೆ ಹೋಗಿ ಸತ್ತವನು ಸ್ಥಳದ ಎಣಿಕೆಗೆ ಸಿಗುವುದಿಲ್ಲ. ಸರ್ಕಾರಕ್ಕೆ ಹೆಸರು ಕೊಟ್ಟರೆ ಮನೆಯವರಿಗೆ ತೊಂದರೆಯಾದೀತೆಂದು ಮುಚ್ಚಿಟ್ಟ ಸಾವು ಯಾವ ಪಟ್ಟಿಗೂ ಬಾರದಿರಬಹುದು. ಆಡಳಿತಕ್ಕೆ ಸಂಖ್ಯೆ ಕಡಿಮೆಯಿರುವುದು ಅನುಕೂಲ, ಚಳವಳಿಗೆ ಹೆಚ್ಚಿರುವುದು ಅನುಕೂಲ ಎಂಬುದನ್ನು ಎರಡೂ ಕಡೆಯ ದಾಖಲೆಗಳನ್ನು ಓದುವಾಗ ನೆನಪಿಡಬೇಕು. ಕೆಲವೇ ದಿನಗಳಲ್ಲಿ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾದದ್ದು ಘಟನೆಯ ಗಾತ್ರವನ್ನು ಸೂಚಿಸುವ ಸಾಂದರ್ಭಿಕ ಸಾಕ್ಷ್ಯಗಳು. ಸತ್ತವರು ಎಷ್ಟು ಎಂಬ ಪ್ರಶ್ನೆಗೆ ಅವು ಉತ್ತರಿಸಲಾರವು.

ಅಂದು ಅಲ್ಲಿದ್ದ ಹತ್ತು ವರ್ಷದ ಬಾಲಕ ಇಂದು ಬದುಕಿದ್ದರೆ ನೂರರ ಹತ್ತಿರಕ್ಕೆ ಬಂದಿರುತ್ತಾನೆ. ಗೌರಿಬಿದನೂರಿನ ಸುತ್ತಿನ ಹಳ್ಳಿಗಳಲ್ಲಿ ಇನ್ನು ಮುಂದೆ ದೊರೆಯುವುದು ಬಹುಮಟ್ಟಿಗೆ ಮಕ್ಕಳು ಮೊಮ್ಮಕ್ಕಳ ಮಾತು. ಅದನ್ನು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿ ಮನೆಯ ಹಿರಿಯರ ಮಾತನ್ನು ಅವರದೇ ಭಾಷೆಯಲ್ಲಿ, ಕನ್ನಡವಾದರೆ ಕನ್ನಡದಲ್ಲಿ, ತೆಲುಗಾದರೆ ತೆಲುಗಿನಲ್ಲಿ ಬರೆದುಕೊಳ್ಳಬೇಕು. ‘ಅಪ್ಪನ ತೋಳಿಗೆ ಗುಂಡು ತಾಗಿದ ಕಲೆಯಿತ್ತು’ ಎಂಬುದು ಮಗಳು ಕಂಡದ್ದು. ‘ಅಪ್ಪ ಅಂದು ಬಾವುಟ ಹಿಡಿದು ಮುಂದೆ ನಿಂತಿದ್ದನಂತೆ’ ಎಂಬುದು ಮಗಳು ಕೇಳಿದ್ದು. ಎರಡೂ ಒಂದೇ ಪುಟದಲ್ಲಿ ಬರಬಹುದು. ಎರಡನೆಯ ವಾಕ್ಯವನ್ನು ಶುದ್ಧಪ್ರತಿ ಮಾಡುವಾಗ ಕೊನೆಯ ‘ಅಂತೆ’ಯನ್ನು ಮಾತ್ರ ಬಿಡಬಾರದು.